ಪಿಕಪ್ಪಿಗೆ ಎಷ್ಟು ಎತ್ತರ ಸಾಕು

ಚಿರಂಜೀವಿ ಪುಟ್ಟುಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಅಣ್ಣ ಹೇಳಿದ, ಕೇಳಿ ಸಮಾಧಾನವಾಯಿತು. ಮೂಡಿಗೆರೆ ಕಡೆ ಹೂಮಳೆ ಚೆನ್ನಾಗಿ ಬಿದ್ದಿದೆ.

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಇಸುಝು ವಿ-ಕ್ರಾಸ್‌ಗೆ ಮಳೆಗಾಲದ ಒಳಗೆ ಲಿಫ್ಟ್ ಕಿಟ್, ಅಂದರೆ ಗಾಡಿಯ ಮೈಯನ್ನು ಮೇಲೆತ್ತುವ ಸ್ಪ್ರಿಂಗ್-ಶಾಕ್ ಸೆಟ್ಟು, ಹಾಕಿಸಬೇಕು, ಮೂರು ಇಂಚು ಏರಿಸಿದರೆ ಹೇಗೆ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮೂರು ಇಂಚು ಬೇಡ. ಏರಿಸಲೇಬೇಕು ಅಂತಾದರೆ 40 ಮಿಲಿಮೀಟರ್, ಅಂದರೆ ಒಂದೂವರೆ ಇಂಚಿನ ಆಸುಪಾಸು ಸಾಕು. ಅದಕ್ಕೂ ಮೊದಲು ನೋಡಬೇಕಾದ್ದು ಬೇರೆ ಇದೆ.

ಫೋಟೋದಲ್ಲಿ ಹೊಸ ಗೀರು ಬಿದ್ದಿರುವುದು ಎಲ್ಲಿ ಹೇಳು? ಹಿಂದಿನ ಆಕ್ಸಲ್ ನಡುವೆ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಉಂಡೆ ಇದೆಯಲ್ಲ, ಆ ಡಿಫರೆನ್ಷಿಯಲ್ ಅಡಿಯಲ್ಲಿ. ಆ ಜಾಗವನ್ನು ಯಾವ ಲಿಫ್ಟ್ ಕಿಟ್ಟೂ ಒಂದು ಕೂದಲೆಳೆಯಷ್ಟು ಮೇಲೆತ್ತುವುದಿಲ್ಲ. ಹಿಂದಿನ ಆಕ್ಸಲ್ ಇಡಿಯಾಗಿ ಚಕ್ರಗಳ ಮೇಲೆ ಕೂತಿದೆ. ಸ್ಪ್ರಿಂಗ್ ಪ್ಲೇಟುಗಳು ಅದರ ಮೇಲಿವೆ. ಪ್ಲೇಟು ಬದಲಾಯಿಸಿದರೆ ಏರುವುದು ಚಾಸಿ, ಬಾಡಿ, ಬಂಪರ್, ಸೈಡ್ ಸ್ಟೆಪ್. ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದು ಏರಬೇಕಾದರೆ ದೊಡ್ಡ ಟೈರೇ ಬೇಕು. ಅಲ್ಲೂ ಟೈರಿನ ಒಟ್ಟು ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧ ಮಾತ್ರ ಕೈಗೆ ಸಿಗುತ್ತದೆ. ನಿನ್ನ ಟೈರಿನ ಅಳತೆ 255/60 ಆರ್18. ಅದನ್ನು 255/65 ಮಾಡಿದರೆ ಟೈರು 25 ಮಿ.ಮೀ. ದೊಡ್ಡದಾಗುತ್ತದೆ, ಡಿಫರೆನ್ಷಿಯಲ್ ಏರುವುದು ಹನ್ನೆರಡು ಹದಿಮೂರು ಮಿ.ಮೀ. ಜೊತೆಗೆ ಸ್ಪೀಡ್ ಮೀಟರ್ ಮೂರು ಚಿಲ್ಲರೆ ಪರ್ಸೆಂಟ್ ಕಡಿಮೆ ತೋರಿಸಲು ಶುರುಮಾಡುತ್ತದೆ.

ನಿನ್ನ ತೋಟದ ದಾರಿ ನನಗೆ ಗೊತ್ತಿಲ್ಲವಾ? ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯಿಂದ ಹಳ್ಳದವರೆಗೆ ಟ್ರಾಕ್ಟರ್ ಓಡಾಡಿ ಎರಡೂ ಕಡೆ ಗಾಲಿ ಜಾಡು ಆಳಕ್ಕಿಳಿದಿದೆ, ನಡುವೆ ದಿಬ್ಬ ಎದ್ದಿದೆ. ಉಜ್ಜುತ್ತಿರುವುದು ಆ ದಿಬ್ಬ. ಅದಕ್ಕೆ ಮದ್ದು ಅಲ್ಲೇ ಇದೆ. ದಿಬ್ಬ ಕಡಿಸು, ಜಾಡಿಗೆ ದಪ್ಪ ಕಲ್ಲು ತುಂಬಿಸಿ ಮೇಲೆ ಜಲ್ಲಿ ಹಾಕಿಸು, ನೀರು ದಾರಿಯ ಮೇಲೇ ಹರಿಯದ ಹಾಗೆ ಪಕ್ಕದಲ್ಲಿ ಚರಂಡಿ ಬಿಡಿಸು. ಜೂನ್ ಬಂದರೆ ಯಾವ ಕೆಲಸವೂ ಆಗುವುದಿಲ್ಲ, ಈಗಲೇ ಆಳು ಹಚ್ಚು. ಒಳ್ಳೆಯ ಕಿಟ್ಟಿನ ದುಡ್ಡಿನಲ್ಲಿ ಈ ಕೆಲಸ ಮುಗಿದು ಇನ್ನೂ ಉಳಿಯುತ್ತದೆ.

ಆದರೆ ನೀನು ಇನ್ನೊಂದು ಮಾತೂ ಬರೆದಿದ್ದೀಯ. ಹಳ್ಳ ದಾಟಿ ಮೇಲೆ ಹತ್ತುವಾಗ ಮುಂದಿನ ಬಂಪರ್ ಮಣ್ಣಿಗೆ ತಾಗುತ್ತದೆ, ಗೊಬ್ಬರ ಹೇರಿದಾಗ ಹಿಂಭಾಗ ಕುಸಿದು ಸೈಡ್ ಸ್ಟೆಪ್ ಕಲ್ಲಿಗೆ ಬಡಿಯುತ್ತದೆ ಅಂತ. ಇದು ನಿಜವಾಗಿ ಲಿಫ್ಟ್ ಕೇಳುವ ತೊಂದರೆ. ಹಾಗಾಗಿ ನಿನ್ನ ಆಸೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ ಕಾನೂನಿನ ವಿಷಯ ತಿಳಿದುಕೊಂಡಿರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಎಲ್ಲರೂ ಹಾಕಿಸಿಕೊಂಡು ಓಡಾಡುತ್ತಿದ್ದಾರಲ್ಲ ಅಂತ ನೀನು ಹೇಳಬಹುದು. ದಂಡದ ಮಾತು ಬಿಡು. ಶಿರಾಡಿ ಘಾಟಿಯಲ್ಲಿ ಏನಾದರೂ ಆಗಿ ಯಾರಿಗಾದರೂ ಪೆಟ್ಟಾದರೆ, ಇನ್ಶೂರೆನ್ಸ್‌ನವರು ಮೊದಲು ಹುಡುಕುವುದೇ ಇಂಥ ಕಾರಣವನ್ನು. ಆಗ ತೋಟವೇ ಕೋರ್ಟಿಗೆ ಹೋಗುತ್ತದೆ. ಆದ್ದರಿಂದ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನಲ್ಲೂ ಯಾವ ಕಿಟ್, ಎಷ್ಟು ಎತ್ತರ ಅಂತ ಬರೆದುಕೊಟ್ಟು ಕೇಳು. ಉತ್ತರವನ್ನೂ ಬರಹದಲ್ಲೇ ತಗೋ. ವಾರಂಟಿ ಇನ್ನೂ ಇದ್ದರೆ ಶೋರೂಮಿನಲ್ಲೂ ಕೇಳು. ಅವರು ಆಗುವುದಿಲ್ಲ ಅಂದರೆ ಅಲ್ಲಿಗೆ ಬಿಡು. ಕಂಪನಿಯ ಅಳತೆಯಲ್ಲೇ ಸಿಗುವ ಒಳ್ಳೆಯ ಆಲ್-ಟೆರೇನ್ ಟೈರು, ಅಂದರೆ ಟಾರು ಮಣ್ಣು ಎರಡಕ್ಕೂ ಆಗುವಂಥದ್ದು, ಹಾಕಿಸು, ಶಾಕ್ ಅಬ್ಸಾರ್ಬರ್ ಮತ್ತು ಕೀಲುಗಳ ರಬ್ಬರ್ ಬುಷ್ ಸವೆದಿದ್ದರೆ ಬದಲಾಯಿಸು, ದಾರಿ ಸರಿಮಾಡಿಸು. ಇಷ್ಟರಲ್ಲೇ ನಿನ್ನ ಮುಕ್ಕಾಲು ತೊಂದರೆ ಹೋಗುತ್ತದೆ ಅಂತ ನನ್ನ ನಂಬಿಕೆ.

ಒಪ್ಪಿಗೆ ಸಿಕ್ಕಿತು ಅಂತಿಟ್ಟುಕೊಂಡು ಮುಂದಿನದನ್ನು ಬರೆಯುತ್ತೇನೆ.

ಅಂಗಡಿಯವನು ಎತ್ತರ ಎಷ್ಟು ಬೇಕು ಅಂತ ಕೇಳುತ್ತಾನೆ. ನೀನು ಭಾರದ ಲೆಕ್ಕ ಹೇಳು. ಸ್ಪ್ರಿಂಗ್ ಆರಿಸುವುದು ಭಾರ ನೋಡಿ. ಗಾಡಿಯಲ್ಲಿ ಸದಾ ಇರುವ ಭಾರ ಎಷ್ಟು, ವಾರಕ್ಕೊಮ್ಮೆ ಹೇರುವ ಭಾರ ಎಷ್ಟು ಅಂತ ಬೇರೆ ಬೇರೆ ಬರೆದಿಡು. ನಿನ್ನ ಗಾಡಿಯಲ್ಲಿ ದಿನಾ ಇರುವುದು ಟೂಲ್ ಬಾಕ್ಸು, ಸ್ಪ್ರೇ ಪಂಪು, ಒಂದು ಡ್ರಮ್ಮು. ಒಮ್ಮೊಮ್ಮೆ ನಾಲ್ಕು ಮೂಟೆ ಗೊಬ್ಬರ ಏರುತ್ತದೆ, ಅಂದರೆ ಹತ್ತಿರ ಹತ್ತಿರ 200 ಕೆ.ಜಿ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಡಾಬಿನ್ಸನ್ಸ್, ಐರನ್‌ಮ್ಯಾನ್ ಥರದ ಕಂಪನಿಗಳು ಒಂದೇ ಗಾಡಿಗೆ ಇಂಥ ಲೆಕ್ಕ ನೋಡಿಯೇ ಬೇರೆ ಬೇರೆ ಬಿಗಿಯ ಸ್ಪ್ರಿಂಗ್ ಮಾಡುತ್ತಾರೆ. ಅಲ್ಲಿ ಪಿಕಪ್ಪಿನ ಹಿಂದೆ ಕ್ಯಾನೊಪಿ ಅನ್ನುವ ಮುಚ್ಚಿಗೆ, ನೀರಿನ ಟ್ಯಾಂಕು, ಮಲಗುವ ಸಾಮಾನು ಎಲ್ಲ ವರ್ಷವಿಡೀ ಇರುತ್ತದೆ. ಆ ಭಾರಕ್ಕೆ ಮಾಡಿದ ಪ್ಲೇಟನ್ನು ನೀನು ಖಾಲಿ ಗಾಡಿಗೆ ಹಾಕಿದರೆ ಹಿಂಭಾಗ ಮರದ ಹಲಗೆಯ ಹಾಗೆ ಕುಣಿಯುತ್ತದೆ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ನಿನಗೆ ಹಗುರ ಅಥವಾ ಮಧ್ಯಮ ಭಾರದ ಪ್ಲೇಟು ಸಾಕು.

ಮುಂದಿನ ಸ್ಪ್ರಿಂಗಿನಲ್ಲೂ ಇದೇ ಎಚ್ಚರ ಇರಲಿ. ಹೊರಗಿನ ಕಿಟ್‌ಗಳಲ್ಲಿ ಬುಲ್ ಬಾರ್ (ಬಂಪರ್ ಮುಂದಿನ ಕಬ್ಬಿಣದ ತಡೆ) ಮತ್ತು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇರುವ ಗಾಡಿಗೆ ಅಂತ ಒಂದು ಬಿಗಿ ಸ್ಪ್ರಿಂಗ್ ಇರುತ್ತದೆ. ನಮ್ಮಲ್ಲಿ ಬುಲ್ ಬಾರ್ ಹಾಕುವಂತಿಲ್ಲ ಅಂತ 2017ರಲ್ಲೇ ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೆದಿದೆ. ನಿನ್ನದು ಕಂಪನಿ ಬಂಪರ್. ಬಿಗಿ ಸ್ಪ್ರಿಂಗ್ ಹಾಕಿದರೆ 40 ಮಿ.ಮೀ. ಅಂತ ಹೇಳಿದ್ದು 60 ಆಗಿ ಕೂರುತ್ತದೆ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಂಡು ನೀನೇ ತಾಳೆ ನೋಡು.

ಈಗ 40 ಯಾಕೆ, 75 ಯಾಕಲ್ಲ ಅನ್ನುವುದು. ವಿ-ಕ್ರಾಸ್‌ನ ಮುಂಭಾಗದಲ್ಲಿ ಚಕ್ರಗಳು ಒಂದೊಂದೂ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿದೆ, ಅದರಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಹೋಗುತ್ತದೆ. ಗಾಡಿ ಏರಿದಷ್ಟೂ ಆ ಶಾಫ್ಟ್ ಓರೆಯಾಗುತ್ತದೆ. ಓರೆ ಜಾಸ್ತಿಯಾದರೆ ಅದರ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಗ್ರೀಸ್ ಹೊರಗೆ ಚಿಮ್ಮುತ್ತದೆ, ಕೆಸರು ಒಳಗೆ ಹೋಗುತ್ತದೆ, ಜಾಯಿಂಟ್ ಕಟಕಟ ಅನ್ನಲು ಶುರುವಾಗುತ್ತದೆ. ಚಕ್ರವನ್ನು ಹಿಡಿದು ತಿರುಗಿಸುವ ಬಾಲ್ ಜಾಯಿಂಟ್, ಟೈ ರಾಡ್ ತುದಿ ಎಲ್ಲಕ್ಕೂ ಇದೇ ಕಥೆ. ಇದರ ಜೊತೆಗೆ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಆ ಕೋನದಿಂದ. ಅದು ಹೋದರೆ ಹಾಸನದ ಹೈವೇಯಲ್ಲಿ ಗಾಡಿ ಆಚೆ ಈಚೆ ಅಲೆಯುತ್ತದೆ. ಸುಮಾರು ಎರಡು ಇಂಚು ದಾಟಿದರೆ ಇದನ್ನು ಸರಿಮಾಡಲು ಮೇಲಿನ ಕಂಟ್ರೋಲ್ ಆರ್ಮ್‌ಗಳನ್ನೇ ಬದಲಾಯಿಸಬೇಕಾಗುತ್ತದೆ. ಒಂದೂವರೆ ಇಂಚಿನಲ್ಲಿ ನಿಂತರೆ ಸಾಮಾನ್ಯವಾಗಿ ಒಳ್ಳೆಯ ಅಲೈನ್‌ಮೆಂಟಿನಲ್ಲೇ ಎಲ್ಲ ಮಿತಿಯೊಳಗೆ ಬರುತ್ತದೆ.

ಅಗ್ಗದಲ್ಲಿ ಮಾಡಿಕೊಡುತ್ತೇನೆ ಅನ್ನುವವರು ಸ್ಪೇಸರ್ ತೋರಿಸುತ್ತಾರೆ. ಮುಂದಿನ ಶಾಕಿನ ತಲೆಯ ಮೇಲೆ ಇಡುವ ಒಂದು ಬಿಲ್ಲೆ ಅದು. ಒಂದು ಇಂಚಿನ ಬಿಲ್ಲೆ ಇಟ್ಟರೆ ಚಕ್ರದಲ್ಲಿ ಹೆಚ್ಚುಕಡಿಮೆ ಎರಡು ಇಂಚು ಏರುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ. ಆದರೆ ಹಳ್ಳದಲ್ಲಿ ಚಕ್ರ ಇಳಿದಾಗ ಕಂಪನಿ ಇಟ್ಟ ಮಿತಿಗಿಂತ ಕೆಳಗೆ ಜೋತುಬೀಳುತ್ತದೆ. ಗುಂಡಿಗೆ ಬಿದ್ದು ಮೇಲೆ ಒತ್ತಿದಾಗ ಶಾಕ್ ತನ್ನ ತಳ ಮುಟ್ಟಿ ಹೊಡೆಯುತ್ತದೆ. ನಮ್ಮ ಪಕ್ಕದ ತೋಟದವರ ಪಿಕಪ್ಪಿಗೆ ಹೀಗೇ ಮಾಡಿಸಿದ್ದರು. ಒಂದೇ ಮಳೆಗಾಲದಲ್ಲಿ ಎರಡೂ ಕಡೆ ಬೂಟು ಹರಿಯಿತು. ನಿನಗೆ ಅದು ಬೇಡ. ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಎರಡನ್ನೂ ಒಟ್ಟಿಗೇ ತಗೋ. ಹೊಸ ಸ್ಪ್ರಿಂಗನ್ನು ಹಳೆಯ ಶಾಕ್ ಹಿಡಿದು ನಿಲ್ಲಿಸಲಾರದು.

ಹಿಂದಕ್ಕೆ ಆಕ್ಸಲ್ ಮತ್ತು ಪ್ಲೇಟಿನ ನಡುವೆ ಕಬ್ಬಿಣದ ಬ್ಲಾಕ್ ಇಡುವುದೂ ಬೇಡ. ಏರಿನಲ್ಲಿ ಲೋ ಗೇರ್ ಹಾಕಿ ಎಳೆಸಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಪ್ಲೇಟಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ಲನ್ನು ಉದ್ದದ್ದು ಹಾಕಿದರೆ, ಉದ್ದ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು ಎತ್ತರ ಸಿಗುತ್ತದೆ, ಬುಷ್ ಮೇಲೆ ಹೊರೆ ಬೀಳುತ್ತದೆ. ಇರುವ ಸೆಟ್ಟಿಗೆ ಒಂದು ಪ್ಲೇಟು ಸೇರಿಸುವುದು ಪರವಾಗಿಲ್ಲ, ಆದರೆ ಸವಾರಿ ಬಿಗಿಯಾಗುತ್ತದೆ. ದುಡ್ಡಿದ್ದರೆ ಪೂರ್ತಿ ಹೊಸ ಸೆಟ್ಟೇ ಒಳ್ಳೆಯದು.

ಮುಂದೆ ಹಿಂದೆ ಒಂದೇ ಮಟ್ಟಕ್ಕೆ ತಂದರೆ ನೋಡಲು ಚೆಂದ ಅಂತ ನಿನ್ನ ಗೆಳೆಯ ಹೇಳಿದನಂತೆ. ಖಾಲಿ ಇದ್ದಾಗ ಹಿಂಭಾಗ ಸ್ವಲ್ಪ ಎತ್ತರ ಇರುವುದು ಬೇಕೆಂದೇ. ಭಾರ ಬಿದ್ದಾಗ ಗಾಡಿ ಸಮ ಆಗಲಿ ಅಂತ. ಖಾಲಿಯಲ್ಲೇ ಸಮ ಮಾಡಿಬಿಟ್ಟರೆ, ಮೂಟೆ ಹೇರಿದ ಕೂಡಲೇ ಮೂತಿ ಮೇಲಾಗುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ರಾತ್ರಿ ಘಾಟಿಯಲ್ಲಿ ಎದುರಿನ ಲಾರಿ ಡ್ರೈವರ್ ಕಣ್ಣಿಗೆ ನೇರ ಬೆಳಕು ಬಡಿಯುತ್ತದೆ. ಮುಂದಿನ ಎತ್ತರ ಹಿಂದಿನದಕ್ಕಿಂತ ತುಸು ಕಡಿಮೆಯೇ ಇರಲಿ.

ಕೆಲಸ ಮಾಡಿಸುವ ದಿನ ನೀನು ಅಲ್ಲೇ ನಿಂತಿರು. ಮೊದಲು ಸಮನೆಲದಲ್ಲಿ ನಿಲ್ಲಿಸಿ, ಟ್ಯಾಂಕು ತುಂಬಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡು. ಕೆಲಸ ಮುಗಿದ ಮೇಲೆ ಮತ್ತೆ ಅಳೆ. ಆಗ ಯಾರೂ ಸುಮ್ನೆ ಬಾಯಿಮಾತಿನಲ್ಲಿ ಎತ್ತರ ಹೇಳಲು ಆಗುವುದಿಲ್ಲ. ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೇ ಆಗಬೇಕು. ಜಾಕಿನ ಮೇಲಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಇದನ್ನು ಎಷ್ಟೋ ಮೆಕ್ಯಾನಿಕ್‌ಗಳು ಆತುರದಲ್ಲಿ ಬಿಟ್ಟುಬಿಡುತ್ತಾರೆ. ಚಕ್ರ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸು, ಎಬಿಎಸ್ ವೈರು ಎಳೆದುಕೊಳ್ಳುತ್ತವೆಯಾ ಅಂತ ಕೈಹಾಕಿ ನೋಡು. ಕೆಲವು ಪಿಕಪ್ಪುಗಳಲ್ಲಿ ಹಿಂಭಾಗದ ಎತ್ತರ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಗಾಡಿ ಏರಿದರೆ ಅದು ಸದಾ ಖಾಲಿ ಗಾಡಿ ಅಂತ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ನಿನ್ನದರಲ್ಲಿ ಇದ್ದರೆ ಅದನ್ನೂ ಹೊಂದಿಸಬೇಕು. ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಅದೇ ದಿನ ಆಗಲಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಪ್ಲೇಟನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್ ಮತ್ತೆ ಬಿಗಿಸು.

ಎಷ್ಟೇ ಬಿಗಿ ಪ್ಲೇಟು ಹಾಕಿದರೂ ಆರ್‌ಸಿಯಲ್ಲಿ ಬರೆದ ಒಟ್ಟು ಭಾರ ಬದಲಾಗುವುದಿಲ್ಲ. ಹಿಂಭಾಗ ಕುಸಿಯುತ್ತಿಲ್ಲ ಅಂತ ಇನ್ನೆರಡು ಮೂಟೆ ಏರಿಸಬೇಡ, ಬ್ರೇಕು ಅದೇ ಹಳೆಯದು. ಹೊಸ ಎತ್ತರದಲ್ಲಿ ಮೊದಮೊದಲು ತಿರುವುಗಳನ್ನು ನಿಧಾನಕ್ಕೆ ತಗೋ. ಗಾಡಿಯ ಭಾರದ ಕೇಂದ್ರ ಮೇಲೆ ಹೋಗಿರುತ್ತದೆ, ಮೈ ಜಾಸ್ತಿ ವಾಲುತ್ತದೆ. ಅಣ್ಣನನ್ನು ಕೂರಿಸಿಕೊಂಡು ಹೋಗುವಾಗಲಂತೂ ಆತುರ ಬೇಡ.

ಈ ಭಾನುವಾರ ನಾಲ್ಕೂ ಚಕ್ರದ ಅಳತೆ ತೆಗೆದು ಕಳಿಸು. ಖಾಲಿ ಗಾಡಿಯದ್ದೊಂದು, ನಾಲ್ಕು ಮೂಟೆ ಹೇರಿದ್ದೊಂದು. ಎಷ್ಟು ಕುಸಿಯುತ್ತದೆ ಅಂತ ಗೊತ್ತಾದರೆ ಪ್ಲೇಟು ಯಾವುದು ಅಂತ ಇಬ್ಬರೂ ಕೂತು ನೋಡೋಣ. ಮುಂಗಡ ಮಾತ್ರ ಯಾರಿಗೂ ಕೊಡಬೇಡ. ದಾರಿಯ ಕೆಲಸಕ್ಕೆ ಕಲ್ಲು ಬೇಕಾದರೆ ಹೇಳು, ನಮ್ಮ ಕೆಳಗಿನ ತೋಟದಲ್ಲಿ ಬೇಕಾದಷ್ಟು ಬಿದ್ದಿದೆ, ಟ್ರಾಕ್ಟರಿನಲ್ಲಿ ಕಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಚಿಕ್ಕಪ್ಪ