ನರಿಗೆ ಹಸಿವಾಗಲಿ

ವಿಜಯಪುರ

ಪ್ರೀತಿಯ ತಂಗಿ,

ಆಲಮಟ್ಟಿ ಹಿನ್ನೀರಿನ ಕೊಕ್ಕರೆಯನ್ನು ಹೊಗಳಿ, ಅದರ ಬಾಯಿಯ ಮೀನು ಜಾರುವಂತೆ ಮಾಡಿ ನರಿ ಟೋಪಿ ಹಾಕುವ ನಿನ್ನ ಕಥೆಯನ್ನು ಎರಡು ಸಲ ಓದಿದೆ. ಕೊನೆಯಲ್ಲಿ ‘ನೀತಿ: ಹೊಗಳಿಕೆಗೆ ಮರುಳಾಗಬಾರದು’ ಎಂದು ಬರೆದಿರುವೆ. ಎರಡನೆಯ ಸಲ ಆ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ಓದಿದೆ. ಕಥೆ ಬಾಯಿ ಕಟ್ಟಿದಂತೆ ನಿಂತುಬಿಟ್ಟಿತು. ಬೇಸರ ಮಾಡಿಕೊಳ್ಳಬೇಡ, ನಾನೂ ಎಷ್ಟೋ ವರ್ಷ ಹೀಗೆಯೇ ಬರೆದವನು.

ಕನಕದಾಸರ ರಾಮಧಾನ್ಯ ಚರಿತೆಯನ್ನೇ ನೋಡು. ರಾಗಿಗೂ ಅಕ್ಕಿಗೂ ರಾಮನ ಮುಂದೆ ಜಗಳ. ಅಕ್ಕಿಗೆ ತನ್ನ ಮೇಲುಕುಲದ ಸೊಕ್ಕು. ನರೆದಲೆಗ, ಅಂದರೆ ರಾಗಿ, ಬರಗಾಲದಲ್ಲಿ ಜನರನ್ನು ಕಾಯುವವನು ತಾನು ಎನ್ನುತ್ತಾನೆ. ರಾಮ ಅಲ್ಲಿಯೇ ತೀರ್ಪು ಕೊಡಬಹುದಿತ್ತು. ಕೊಡದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತರಿಸಿದಾಗ ಅಕ್ಕಿ ಕಂದಿದೆ, ರಾಗಿ ಇದ್ದ ಹಾಗೆಯೇ ಇದೆ. ಕುಲದ ಬಗ್ಗೆ ಒಂದು ಉಪದೇಶ ಬರೆದಿದ್ದರೆ ಮೇಲುಜಾತಿಯ ಪಂಡಿತ ಎದ್ದುನಿಂತು ವಾದಿಸುತ್ತಿದ್ದ. ಕಾಳಿನ ಜೊತೆ ಏನೆಂದು ವಾದಿಸುವುದು?

ನಮ್ಮಜ್ಜನ ಮನೆಯ ಮುಂದೆ ಜೋಳದ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇತ್ತು. ಬಾಯಿಯ ಕಲ್ಲು ಸರಿಸಿದ ಕೂಡಲೇ ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮತ್ತೆ ಕಾಯುವುದು. ಆಮೇಲೆ ಮೇಲಕ್ಕೆ ಬಂದ ಜೋಳವನ್ನು ಅಜ್ಜಿ ಬೊಗಸೆಯಲ್ಲಿ ಹಿಡಿದು ಮೂಸುತ್ತಿದ್ದಳು. ಗೋಡೆಗೆ ತಾಗಿ ಕಪ್ಪಾದದ್ದು, ಮುಗ್ಗಲು ಹಿಡಿದದ್ದು ದನಕ್ಕೆ. ನಡುವಿನದು ರೊಟ್ಟಿಗೆ. ಹೀಗೆ ಕಾಳು ಮೂಸುವವರ ನಡುವೆ ಬದುಕಿದ ಕವಿಗೇ ಆ ಸೆರೆಮನೆ ಹೊಳೆದೀತು. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದು ಒಕ್ಕಲುತನದವರಿಗೆಲ್ಲ ಗೊತ್ತಿದ್ದ ಸಂಗತಿ. ಇಡೀ ಕಥೆ ಅದರ ಮೇಲೆ ನಿಂತಿದೆ.

ಗೋವಿನ ಹಾಡಿನಲ್ಲಿಯೂ ಅಷ್ಟೇ. ಪುಣ್ಯಕೋಟಿ ಮೊದಲಿನಿಂದ ಕೊನೆಯವರೆಗೂ ಒಳ್ಳೆಯವಳೇ. ಬದಲಾಗುವುದು ಹುಲಿ. ಹಸಿದ ಹುಲಿಯ ಮುಂದೆ ಊಟ ತಾನಾಗಿ ಬಂದು ನಿಂತಾಗ ಅದಕ್ಕೆ ತಿನ್ನಲಾಗುವುದಿಲ್ಲ, ಬದುಕಲೂ ಆಗುವುದಿಲ್ಲ. ಮಕ್ಕಳ ಸಭೆಗಳಲ್ಲಿ ನಾನು ಗಮನಿಸಿದ್ದೇನೆ, ಹಸು ಮಾತು ಉಳಿಸಿಕೊಂಡಾಗ ಅವು ತಲೆಯಾಡಿಸುತ್ತವೆ. ಹುಲಿ ಹಾರಿ ಪ್ರಾಣ ಬಿಟ್ಟಾಗ ಸುಮ್ಮನಾಗುತ್ತವೆ. ಸತ್ಯದ ಬಗ್ಗೆ ಆ ಮಕ್ಕಳು ಏನಾದರೂ ಕಲಿತಿದ್ದರೆ ಆ ಸುಮ್ಮನಾದ ಗಳಿಗೆಯಲ್ಲಿ ಎಂದು ನನ್ನ ಅಂದಾಜು. ಅಷ್ಟರಲ್ಲಿ ಯಾರಾದರೂ ದೊಡ್ಡವರು ಮೈಕ್ ಹಿಡಿದು ‘ಇದರಿಂದ ಏನು ತಿಳಿಯಿತು ಮಕ್ಕಳೇ?’ ಎನ್ನುತ್ತಾರೆ. ಅವರ ಮೈಕ್ ಕೆಡಲಿ ಎಂದು ನಾನು ಹಾರೈಸಿದ್ದುಂಟು.

ನಿನ್ನ ನರಿಗೆ ಬರುತ್ತೇನೆ. ಅದು ಚುನಾವಣೆಗೆ ನಿಂತವರಂತೆ ಮಾತನಾಡುತ್ತದೆ, ಆದರೆ ಅದಕ್ಕೆ ಹಸಿವೇ ಇಲ್ಲ. ರಾತ್ರಿ ಕಬ್ಬಿನ ಗದ್ದೆಯಲ್ಲಿ ಊಳಿಡುವ ನರಿಯನ್ನು ನೀನು ಕೇಳಿರುವೆಯಲ್ಲ? ಅದನ್ನು ಕರೆದುಕೊಂಡು ಬಾ. ಮೂರು ದಿನ ಏನೂ ಸಿಕ್ಕಿರದ ನರಿ ಹೊಗಳಿದರೆ ಓದುವವರಿಗೆ ಅದರ ಮೇಲೂ ಸ್ವಲ್ಪ ಕನಿಕರ ಹುಟ್ಟುತ್ತದೆ. ಹುಟ್ಟಲಿ. ಕೊಕ್ಕರೆಯ ದಡ್ಡತನವೂ ಆಗ ಅಷ್ಟು ಸುಲಭದ ನಗೆಯಾಗಿ ಉಳಿಯುವುದಿಲ್ಲ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬಂದಾಗ ತಿದ್ದಿದ ಕಥೆ ತೆಗೆದುಕೊಂಡು ಬಾ. ಅಷ್ಟರಲ್ಲಿ ಒಂದನ್ನು ಯೋಚಿಸು: ಕೊಕ್ಕರೆಯ ಬಾಯಿಂದ ಜಾರಿದ ಮೀನು ದಡಕ್ಕೆ ಬಿತ್ತೋ, ನೀರಿಗೇ ಬಿತ್ತೋ? ನೀನು ಬರೆದೇ ಇಲ್ಲ.

ನಿನ್ನ ಅಣ್ಣ