ರೀವಗಳ ನಡುಗಡ್ಡೆಗೆ ದೋಣಿ ಬಿಡಬೇಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಮುಂದಿನ ಬೇಸಿಗೆಗೆ ಮತ್ತದೇ ಅರ್ಜಿ ಹಿಡಿದುಕೊಂಡು ಹೋಗಿ ಸಾಕಾಗಿದೆ. ನಾಲ್ಕು ಜನ ಓದಲಿ ಅಂತ ಈ ಸಲ ಇಲ್ಲೇ ಬರೆಯುತ್ತಿದ್ದೇನೆ. ಕೇಳುತ್ತಿರುವುದು ಒಂದೇ: ಫೆಬ್ರವರಿಯಿಂದ ಮೇ ಮುಗಿಯುವವರೆಗೆ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಮೊಟ್ಟೆಯಿಡುವ ನಡುಗಡ್ಡೆಗಳಿಗೆ ಫೋಟೋದವರ ದೋಣಿ ಬಿಡಬೇಡಿ.

ಭದ್ರಾ ಹಿನ್ನೀರಿನ ರೀವಗಳ ಹೆಸರು ದೇಶಕ್ಕೇ ಗೊತ್ತು. ನಾನು ಹೇಳುತ್ತಿರುವುದು ಬೇರೊಂದು ಚಿಕ್ಕ ಜಲಾಶಯದ ಮಾತು. ಹೆಸರು ಬರೆಯುವುದಿಲ್ಲ, ಬರೆದರೆ ಬರುವ ಭಾನುವಾರವೇ ಇನ್ನೂ ನಾಲ್ಕು ದೋಣಿ ಹೆಚ್ಚಾಗುತ್ತವೆ.

ಯಾವ ಜೀವಿ ಅಳಿವಿನ ಅಪಾಯದಲ್ಲಿದೆ ಎಂದು ಹೇಳುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಗೆ ಸೇರಿರುವ ಹಕ್ಕಿ ಇದು. ನೀರು ಇಳಿದಾಗ ಮೇಲೇಳುವ ದಿಬ್ಬದ ಮೇಲೆ ಬರೀ ನೆಲದಲ್ಲೇ ಎರಡೋ ಮೂರೋ ಮೊಟ್ಟೆ. ಸುಡುವ ಬಿಸಿಲಿಗೆ ತಾಯಿ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಅದು ಎದ್ದು ಹೋದರೆ ಮೊಟ್ಟೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಮೀನುಗಾರರೊಬ್ಬರ ತೆಪ್ಪದಲ್ಲಿ ದೂರ ನಿಂತು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ನೆತ್ತಿ ಸುಡುವ ಹೊತ್ತು. ದೋಣಿಯೊಂದು ನೇರ ದಿಬ್ಬಕ್ಕೇ ತಾಗಿತು, ಐದಾರು ಜನ ಇಳಿದರು. ಹಾರುವ ಶಾಟ್ ಬೇಕಂತೆ, ಒಬ್ಬ ಜೋರಾಗಿ ಚಪ್ಪಾಳೆ ತಟ್ಟಿದ. ಇಡೀ ಗುಂಪು ಕಿರುಚುತ್ತಾ ಮೇಲೆದ್ದಿತು. ಮಣ್ಣಿನ ಬಣ್ಣದ್ದೇ ಆದ ಮರಿಯೊಂದು ಕಲ್ಲಿನ ಮಗ್ಗುಲಲ್ಲಿ ಅಲ್ಲಾಡದೆ ಅವಿತಿತ್ತು. ಇನ್ನೊಬ್ಬ ಅದನ್ನು ಎತ್ತಿ ಬಯಲಲ್ಲಿಟ್ಟ, ‘ಬ್ಯಾಕ್‌ಗ್ರೌಂಡ್ ಈಗ ಕ್ಲೀನ್’ ಅಂದ. ಅಷ್ಟರಲ್ಲಿ ಕಾಗೆ ಬಂದು ಪಕ್ಕದ ಗೂಡಿನ ಮೊಟ್ಟೆ ಕಚ್ಚಿಕೊಂಡು ಹೋಯಿತು. ಅದರದ್ದೂ ಫೋಟೋ ತೆಗೆದರು, ಸ್ವಾಮಿ! ನಾನು ಕೂಗಿ ಹೇಳಿದ್ದಕ್ಕೆ ಬಂದ ಉತ್ತರ: ‘ಅಂಕಲ್, ದುಡ್ಡು ಕಟ್ಟಿ ಬಂದಿದ್ದೀವಿ. ನಿಮಗೇನು ಪ್ರಾಬ್ಲಮ್?’

ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಇಟ್ಟುಕೊಂಡವರಿಗೆ ಗೂಡಿನ ಮೇಲೇ ಹೋಗಿ ನಿಲ್ಲುವ ದರ್ದು ಏನಿತ್ತೋ.

ಸಂಜೆಯೇ ಒಂದು ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಮರುದಿನ ಮಂಡಿನೋವು ಕಟ್ಟಿಕೊಂಡು ಮತ್ತೆ ಮೆಟ್ಟಿಲು ಹತ್ತಿದರೆ, ‘ನೀರು ನಮ್ಮದಲ್ಲ, ಆ ಕಚೇರಿಗೆ ಹೋಗಿ’ ಅಂದರು. ಆ ಕಚೇರಿಯವರು ‘ಹಕ್ಕಿ ನಮ್ಮದಲ್ಲ’ ಅಂದರು. ನಡುಗಡ್ಡೆ ಯಾರದ್ದೆಂದು ತೀರ್ಮಾನವಾಗುವಷ್ಟರಲ್ಲಿ ಮಳೆ ಹಿಡಿದು ನಡುಗಡ್ಡೆಯೇ ಮುಳುಗಿತು. ಕಡತ ಮಾತ್ರ ಇನ್ನೂ ತೇಲುತ್ತಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತಮಗೆ ಓದಿ ಹೇಳುವಷ್ಟು ದೊಡ್ಡವನು ನಾನಲ್ಲ. ಕಲಂ 2(16)ರಲ್ಲಿ ‘ಬೇಟೆ’ ಎಂದರೇನು ಅಂತ ಬರೆದಿರುವಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಇದೆ. ತಮಗೆ ಗೊತ್ತಿಲ್ಲದ್ದೇನಲ್ಲ. ಬಂದೂಕು ಹಿಡಿದು ಬಂದಿದ್ದರೆ ಜೀಪು ಓಡಿ ಬರುತ್ತಿತ್ತು, ಕ್ಯಾಮೆರಾ ಹಿಡಿದವರಿಗೆ ಲೈಫ್ ಜಾಕೆಟ್ ತೊಡಿಸಿ ಕಳಿಸುತ್ತಾರೆ. ಅಕ್ಟೋಬರ್‌ನ ವನ್ಯಜೀವಿ ಸಪ್ತಾಹ ಬಂತೆಂದರೆ ಇಂಥದ್ದೇ ಗೂಡಿನ ಫೋಟೋಗೆ ಬಹುಮಾನ, ಶಾಲು, ಹಾರ. ಮರಿ ಬದುಕಿತೋ ಸತ್ತಿತೋ ಎಂದು ತೀರ್ಪುಗಾರರು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಫೋಟೋ ತೆಗೆಯಲೇಬೇಡಿ ಅನ್ನುತ್ತಿಲ್ಲ. ದಡದಿಂದ ತೆಗೆಯಲಿ, ಹಕ್ಕಿ ಏಳದಷ್ಟು ದೂರದಿಂದ ತೆಗೆಯಲಿ. ಸಮಿತಿ, ಅಧ್ಯಯನ ಪ್ರವಾಸ ಇವೆಲ್ಲ ಆಮೇಲೆ ಆಗಲಿ. ಮೊದಲು ದೋಣಿ ನಿಲ್ಲಿಸಿ. ದಡದಲ್ಲೊಂದು ಫಲಕ, ಆ ನಾಲ್ಕು ತಿಂಗಳಿಗೆ ಒಬ್ಬ ಕಾವಲುಗಾರ, ಇಷ್ಟಕ್ಕೆ ಬಜೆಟ್ ಇಲ್ಲವೆಂದು ದಯವಿಟ್ಟು ಹೇಳಬೇಡಿ. ಗೂಡಿನ ಫೋಟೋಗಳಿಗೆ ಸರ್ಕಾರಿ ವೇದಿಕೆಯಲ್ಲಿ ಬಹುಮಾನ ಕೊಡುವುದನ್ನೂ ಬಿಡಿ.

ಆದೇಶ ಜನವರಿಯೊಳಗೆ ಹೊರಡಲಿ. ಮಾರ್ಚ್‌ನಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ನನಗೆ ಬೇಡ, ಅಂಥವು ಮನೆಯಲ್ಲಿ ಬೇಕಾದಷ್ಟಿವೆ.

ಇತಿ,
ಹಿನ್ನೀರಿನ ದಡದ ಒಬ್ಬ ನಾಗರಿಕ