ಫಲಕಗಳ ಮೇಲೆ ಒಡೆದುಹೋಗುತ್ತಿರುವ ಒತ್ತಕ್ಷರಗಳು

ಸಂಪಾದಕರಿಗೆ,

ಮಾನ್ಯರೇ,

ಕಾಸರಗೋಡಿನ ರಸ್ತೆಬದಿಯ ಫಲಕಗಳಲ್ಲಿ ಕನ್ನಡ ತಪ್ಪುತಪ್ಪಾಗಿರುತ್ತದೆ ಎಂಬ ದೂರು ಓದುಗರ ಪತ್ರಗಳಲ್ಲಿ ಹೊಸದೇನಲ್ಲ. ಶಾಲೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅಂಥ ಫಲಕಗಳನ್ನು ಓದಿ ನಾನೂ ನೊಂದುಕೊಂಡಿದ್ದೇನೆ. ಇದು ಬೇಕೆಂದೇ ತೋರಿಸುವ ತಾತ್ಸಾರ ಎಂದು ಮನೆಯಲ್ಲಿ ವಾದಿಸಿಯೂ ಇದ್ದೇನೆ. ಕಳೆದ ಏಳು ತಿಂಗಳಿಂದ ಡಿಜಿಟಲ್ ಚಿತ್ರಕಲೆ ಮತ್ತು ವಿನ್ಯಾಸದ ತರಗತಿಗೆ ಹೋಗುತ್ತಿರುವ ನನಗೆ ಆ ತಪ್ಪುಗಳಲ್ಲಿ ಅನೇಕವು ಕಂಪ್ಯೂಟರಿನೊಳಗೆ ಹೇಗೆ ಹುಟ್ಟುತ್ತವೆ ಎಂಬುದು ಈಗ ತಿಳಿದಿದೆ. ಕಲಿತದ್ದು ಬಹಳ ಸ್ವಲ್ಪವೇ ಆದರೂ ಅದನ್ನು ನಿಮ್ಮ ಓದುಗರ ಮುಂದೆ, ಅದರಲ್ಲಿಯೂ ಫಲಕ ಬರೆಸುವ ಪಂಚಾಯತು, ಶಾಲೆ, ದೇವಸ್ಥಾನ ಮತ್ತು ಸಂಘಗಳವರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ವಿನ್ಯಾಸದ ತರಗತಿಯಲ್ಲಿ ಪಾಠ ಮಲಯಾಳದಲ್ಲಿ ನಡೆಯುತ್ತದೆ, ಪರದೆಯ ಮೇಲಿನ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಮೊದಲ ವಾರಗಳ ಕಷ್ಟ ಭಾಷೆಯದಾಗಿರಲಿಲ್ಲ, ಕೈಯದಾಗಿತ್ತು. ಕಾಗದದ ಮೇಲೆ ಬರೆಯುವಾಗ ಕಣ್ಣು ಪೆನ್ಸಿಲಿನ ತುದಿಯನ್ನೇ ಹಿಂಬಾಲಿಸುತ್ತದೆ. ಪೆನ್ ಟ್ಯಾಬ್ಲೆಟ್ಟಿನಲ್ಲಿ ಕೈ ಮೇಜಿನ ಮೇಲೆ ಚಲಿಸುತ್ತಿರುವಾಗ ಗೆರೆ ಎದುರಿನ ಪರದೆಯಲ್ಲಿ ಮೂಡುತ್ತದೆ. ಈ ಎರಡನ್ನೂ ಮನಸ್ಸು ಒಂದಾಗಿ ಕಾಣಲು ತಿಂಗಳೊಂದು ಬೇಕಾಯಿತು. ಬೆಳಕಿನಿಂದಾದ ಪರದೆಯ ಕೆಂಪು, ಹಸಿರು, ನೀಲಿಗಳು ಮುದ್ರಣದ ನಾಲ್ಕು ಶಾಯಿಗಳಲ್ಲಿ ಹಾಗೆಯೇ ಬರುವುದಿಲ್ಲವೆಂಬುದನ್ನೂ, ಮುದ್ರಣಕ್ಕೆ ಹೋಗುವ ಚಿತ್ರಕ್ಕೆ ಇಂಚಿಗೆ 300 ಚುಕ್ಕಿಗಳು ಬೇಕೆಂಬುದನ್ನೂ ಎಲ್ಲರಂತೆ ನಾನೂ ಕಲಿತೆ. ನಮ್ಮ ಜಿಲ್ಲೆಯ ಕನ್ನಡದ ವಿದ್ಯಾರ್ಥಿ ವಿಶೇಷವಾಗಿ ಕಲಿಯಬೇಕಾದ ಪಾಠ ಎದುರಾದದ್ದು ಮೂರನೆಯ ತಿಂಗಳಿನಲ್ಲಿ.

ಅಂದು ಪ್ರತಿಯೊಬ್ಬರೂ ತಮ್ಮ ಊರಿನ ಹೆಸರನ್ನು ಬಳಸಿ ಒಂದು ಭಿತ್ತಿಪತ್ರ ಮಾಡಬೇಕಾಗಿತ್ತು. ನಾನು ‘ಬದಿಯಡ್ಕ’ ಎಂದು ಟೈಪ್ ಮಾಡಿದೆ. ಪರದೆಯಲ್ಲಿ ಮೂಡಿದ್ದು ‘ಬದಿಯಡ್‌ಕ’. ಡಕಾರದ ಕೆಳಗೆ ಹೋಗಿ ಕೂರಬೇಕಾದ ಕಕಾರವು ಪಕ್ಕದಲ್ಲಿ ಬೇರೆಯಾಗಿ ನಿಂತಿತ್ತು. ಎಷ್ಟು ಬಾರಿ ಅಳಿಸಿ ಬರೆದರೂ ಅದೇ ಫಲ. ಪಾಠ ಹೇಳುವವರನ್ನು ಕರೆದು ತೋರಿಸಿದಾಗ ಅವರಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಅವರು ಅಸಡ್ಡೆ ಮಾಡಿದವರಲ್ಲ. ನನ್ನೊಡನೆ ಅರ್ಧ ಗಂಟೆ ಕುಳಿತು ವಿಚಾರಿಸಿದರು. 1971ರ ಲಿಪಿ ಸುಧಾರಣೆಯಲ್ಲಿ ಟೈಪ್‌ರೈಟರು ಮತ್ತು ಅಚ್ಚಿನ ಅನುಕೂಲಕ್ಕಾಗಿ ಮಲಯಾಳದ ಅನೇಕ ಕೂಡಕ್ಷರಗಳನ್ನು ಬಿಡಿಸಿ, ನಡುವೆ ಚಂದ್ರಕ್ಕಲವೆಂಬ ಚಿಹ್ನೆಯನ್ನಿಟ್ಟು ಬರೆಯುವ ಕ್ರಮ ಬಂತು. ಆ ಓದಿಗೆ ಪಳಗಿದ ಕಣ್ಣಿಗೆ ಎರಡು ವ್ಯಂಜನಗಳ ನಡುವೆ ಇಂಥದೊಂದು ಚಿಹ್ನೆ ಕಾಣುವುದು ಸಹಜ. ಕನ್ನಡದಲ್ಲಿ ಅಂಥ ಸುಧಾರಣೆ ನಡೆಯಲಿಲ್ಲ. ಒತ್ತು ಕೆಳಗಿಳಿಯದಿದ್ದರೆ ನಮಗೆ ಆ ಪದ ಮುರಿದಂತೆಯೇ ಕಾಣುತ್ತದೆ. ಫಲಕ ಮಾಡಿದವನು ನಮ್ಮ ಭಾಷೆಯನ್ನು ಕಡೆಗಣಿಸಿದನೆಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದ ಎಷ್ಟೋ ಸಂದರ್ಭಗಳಲ್ಲಿ ಅವನಿಗೆ ತಪ್ಪು ಕಂಡೇ ಇರಲಾರದು ಎಂಬುದು ಅಂದು ಹೊಳೆಯಿತು.

ದೋಷದ ಮೂಲ ಹೀಗಿದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡುವ, 1991ರಿಂದ ಬಳಕೆಗೆ ಬಂದ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ‘ಡ್ಕ’ ಎಂಬುದನ್ನು ಕಂಪ್ಯೂಟರು ಡ, ಸ್ವರವಿಲ್ಲವೆಂದು ಸೂಚಿಸುವ ಹಲಂತ ಚಿಹ್ನೆ, ಕ ಎಂಬ ಮೂರು ಅಂಶಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಅವನ್ನು ಹೊಂದಿಸಿ ಒಂದೇ ಆಕೃತಿಯಾಗಿ ತೋರಿಸುವ ಕೆಲಸ ಅಕ್ಷರಶೈಲಿಯದು (ಫಾಂಟಿನದು) ಮತ್ತು ತಂತ್ರಾಂಶದೊಳಗಿನ ಅಕ್ಷರ ಜೋಡಿಸುವ ಭಾಗದ್ದು. ಫೋಟೋಶಾಪಿನಂಥ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗಾಗಿ ಇರುವ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಈ ಜೋಡಣೆ ನಡೆಯದೆ ಹೋಗಬಹುದು. ನನ್ನ ತೊಂದರೆಯೂ ಅದೇ ಆಗಿತ್ತು. ಆ ಆಯ್ಕೆ ಮೆನುವಿನೊಳಗೆಲ್ಲೋ ಅಡಗಿತ್ತು; ಅದನ್ನು ಕಂಡುಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಆರಿಸಿದ ಕೂಡಲೇ ಕಕಾರ ತನ್ನ ಜಾಗಕ್ಕೆ ಇಳಿಯಿತು. ಆ ಕ್ಷಣದ ಸಂತೋಷವನ್ನು ನಾನು ಮರೆಯಲಾರೆ.

ಇನ್ನೊಂದು ತೊಡಕು ಹಳೆಯ ಅಕ್ಷರಶೈಲಿಗಳದು. ಯುನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸುತ್ತಿದ್ದವು. ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಂಡದ್ದೇ ಆ ಉಪಾಯದಿಂದ, ಆದ್ದರಿಂದ ಅವನ್ನು ದೂರುವ ಮನಸ್ಸು ನನಗಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಅವು ಬಳಕೆಯಲ್ಲಿವೆ. ವಾಟ್ಸಾಪಿನಲ್ಲಿ ಬಂದ ಯುನಿಕೋಡ್ ಪಠ್ಯವನ್ನು ಹಳೆಯ ಶೈಲಿಗೆ, ಅಥವಾ ಹಳೆಯದನ್ನು ಹೊಸದಕ್ಕೆ, ಪರಿವರ್ತಿಸುವಾಗ ಅತಿ ಹೆಚ್ಚು ಪೆಟ್ಟು ತಿನ್ನುವುದು ಅರ್ಕಾವತ್ತು. ಯುನಿಕೋಡಿನಲ್ಲಿ ಅದು ಉಚ್ಚಾರದಂತೆ ವ್ಯಂಜನಕ್ಕಿಂತ ಮೊದಲು ಬರುತ್ತದೆ, ಹಳೆಯ ಶೈಲಿಗಳಲ್ಲಿ ಬರಹದಂತೆ ನಂತರ ಬರುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಪರಿವರ್ತಿಸಿದರೆ ‘ಪೆರ್ಲ’ ಎಂಬ ಊರಿನ ಹೆಸರು ಹೋಗಿ ‘ಪೆಲರ್’ ಆಗಿಬಿಡಬಹುದು. ಕನ್ನಡ ಓದಲು ಬಾರದ ಕೆಲಸಗಾರನು ಇದನ್ನು ಹೇಗೆ ತಾನೆ ಕಂಡುಹಿಡಿಯಬೇಕು?

ಈ ವಿಷಯವನ್ನು ಮನೆಯಲ್ಲಿ ಹೇಳಿದಾಗ ಹೆಚ್ಚು ಆಸ್ಥೆಯಿಂದ ಕೇಳಿದವರು ನನ್ನ ಸೋದರಮಾವ. ಫ್ಲೆಕ್ಸ್ ಬರುವ ಮೊದಲು ಅವರು ಇಪ್ಪತ್ತು ವರ್ಷ ಬೋರ್ಡು ಬರೆಯುತ್ತಿದ್ದರು. ತಗಡಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಎನಾಮಲ್ ಬಣ್ಣದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಈ ಮೂರು ಲಿಪಿಗಳನ್ನೂ ಒಂದೇ ಕೈಯಿಂದ ಬರೆದವರು. ಅವರು ಬರೆದ ಒಂದು ಹಳೆಯ ಬೋರ್ಡಿನ ಮುಂದೆ ನನ್ನನ್ನು ನಿಲ್ಲಿಸಿ, ಕನ್ನಡದ ಸಾಲಿನ ಕೆಳಗೆ ಬಿಟ್ಟಿದ್ದ ಜಾಗವನ್ನು ತೋರಿಸಿದರು. “ಅಕ್ಷರಕ್ಕೆ ಕಾಲು ಚಾಚಲು ಜಾಗ ಬಿಡಬೇಕು ಮಗಳೇ” ಎಂದರು. ಮೇಲೆ ತಲೆಕಟ್ಟು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು, ಕೆಲವೊಮ್ಮೆ ‘ಸ್ತ್ರ’ದಲ್ಲಿರುವಂತೆ ಎರಡು ಒತ್ತು, ಇವೆಲ್ಲಕ್ಕೂ ಸೇರಿ ಕನ್ನಡದ ಸಾಲಿಗೆ ರೋಮನ್ ಸಾಲಿಗಿಂತ ಹೆಚ್ಚು ಎತ್ತರ ಬೇಕು. ಇಂಗ್ಲಿಷಿಗಾಗಿ ಸಿದ್ಧಪಡಿಸಿದ ಮಾದರಿಯಲ್ಲಿ ಅಷ್ಟೇ ಅಂತರದಲ್ಲಿ ಕನ್ನಡವನ್ನು ತುಂಬಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ಅಂತರದ ಬಗ್ಗೆ ತರಗತಿಯಲ್ಲಿ ನಾನು ಬರೆದುಕೊಂಡಿದ್ದ ಟಿಪ್ಪಣಿ ನಿಜವಾಗಿ ಅರ್ಥವಾದದ್ದು ಆ ತುಕ್ಕು ಹಿಡಿದ ಬೋರ್ಡಿನ ಎದುರು.

ಬಿಂದುಗಳನ್ನಿಟ್ಟು ಅವುಗಳ ನಡುವೆ ಗೆರೆ ಎಳೆಯುವ ಪೆನ್ ಟೂಲಿನಿಂದ ಅಕ್ಷರ ಬಿಡಿಸುವುದನ್ನೂ ನಾನು ಅವರ ಬರಹದ ಛಾಯಾಚಿತ್ರವನ್ನು ಕೆಳಗಿನ ಪದರದಲ್ಲಿಟ್ಟುಕೊಂಡೇ ಕಲಿತೆ. ಮೊದಲ ಬಾರಿ ‘ಅ’ ಬಿಡಿಸಲು 40 ಬಿಂದುಗಳನ್ನು ಇಟ್ಟಿದ್ದೆ, ಗೆರೆ ಅಂಕುಡೊಂಕಾಗಿತ್ತು. ಕುಂಚ ತಿರುಗುವಲ್ಲಿ ಮಾತ್ರ ಬಿಂದು ಇಡು ಎಂದು ಮಾವ ಹೇಳಿದ ಮೇಲೆ 12 ಬಿಂದುಗಳಲ್ಲಿ ಅದೇ ಅಕ್ಷರ ದುಂಡಗೆ ಬಂತು. ಮಾವ ಇದುವರೆಗೆ ಕಂಪ್ಯೂಟರನ್ನು ಮುಟ್ಟಿದವರಲ್ಲ.

ಫಲಕ ಬರೆಸುವವರಲ್ಲಿ ನನ್ನ ವಿನಂತಿ ಇಷ್ಟು. ಕನ್ನಡ ಪಠ್ಯವನ್ನು ವಾಟ್ಸಾಪಿನಲ್ಲಿ ಕಳುಹಿಸಿ ಸುಮ್ಮನಾಗದಿರಿ. ಕನ್ನಡ ಬಲ್ಲವರಿಂದ ಅದನ್ನು ಜೋಡಿಸಿ, ಅಂಗಡಿಯವರು ಹೇಳುವಂತೆ ‘ಕರ್ವ್’ ಮಾಡಿಸಿ, ಎಂದರೆ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಾಯಿಸಿ, ಬಳಿಕ ಮುದ್ರಣಕ್ಕೆ ಕೊಡಿ. ಹಾಗೆ ಮಾಡಿದ ಕಡತದಲ್ಲಿ ಅಕ್ಷರ ಮತ್ತೆಲ್ಲೂ ಒಡೆಯುವುದಿಲ್ಲ; ಅಲ್ಲಿರುವ ಕಂಪ್ಯೂಟರಿನಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೂ ತೊಂದರೆಯಿಲ್ಲ. ಆಮೇಲೆ ತಿದ್ದಲು ಬರುವುದಿಲ್ಲವಾದ್ದರಿಂದ ಮೊದಲೇ ಕಾಗದದ ಮೇಲೆ ಪ್ರೂಫ್ ತೆಗೆದು, ಕನ್ನಡ ಓದುವ ಒಬ್ಬರಾದರೂ ಗಟ್ಟಿಯಾಗಿ ಓದಿ ನೋಡಬೇಕು. ಮುದ್ರಣವಾದ ಮೇಲೆ ತಪ್ಪು ಕಂಡರೆ ಚದರ ಅಡಿಯ ಲೆಕ್ಕದಲ್ಲಿ ಮತ್ತೊಮ್ಮೆ ಹಣ ತೆರಬೇಕಾಗುತ್ತದೆ, ಆ ಭಯಕ್ಕೇ ತಪ್ಪು ಫಲಕ ವರ್ಷಗಟ್ಟಲೆ ನಿಲ್ಲುತ್ತದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಾಗ ನನ್ನ ಅಜ್ಜಿ ಕನ್ನಡ ಶಾಲೆಯ ಎರಡನೆಯ ತರಗತಿಯಲ್ಲಿದ್ದರು. ಅವರು ಓದಬಲ್ಲದ್ದು ಕನ್ನಡ ಲಿಪಿಯೊಂದನ್ನೇ. ಆಸ್ಪತ್ರೆಯ ಬಾಗಿಲಿನ ಮೇಲೆ ಅಕ್ಷರ ಒಡೆದಿದ್ದರೆ ಅವರು ಬೇರೆಯವರನ್ನು ಕೇಳಿ ಒಳಗೆ ಹೋಗಬೇಕಾಗುತ್ತದೆ.

ಶಿಕ್ಷಕರಲ್ಲಿಯೂ ಒಂದು ಮಾತು. ಕೇರಳದ ಪ್ರೌಢಶಾಲೆಗಳ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಾಠಗಳಲ್ಲಿ ಜಿಂಪ್, ಇಂಕ್‌ಸ್ಕೇಪ್‌ಗಳ ಪರಿಚಯವಾಗುತ್ತದೆ. ಎರಡೂ ಚಿತ್ರ ಬಿಡಿಸುವ ಉಚಿತ, ಮುಕ್ತ ತಂತ್ರಾಂಶಗಳು. ನಾನು ಅವುಗಳಲ್ಲಿ ಹೂವು, ಸೂರ್ಯೋದಯಗಳನ್ನು ಬಿಡಿಸಿದ್ದೆ. ಕನ್ನಡದ ಒಂದು ಪದವನ್ನೂ ಜೋಡಿಸಿರಲಿಲ್ಲ, ಜೋಡಿಸಬಹುದೆಂದು ನನಗೆ ತೋಚಿಯೂ ಇರಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ದಿನವಾದರೂ ತಮ್ಮ ಊರಿನ ಹೆಸರನ್ನು ನವಿಲು, ಗುಬ್ಬಿ, ನೋಟೋ, ಬಾಲೂ ತಮ್ಮ ಮುಂತಾದ ಉಚಿತ ಅಕ್ಷರಶೈಲಿಗಳಲ್ಲಿ ಬರೆದು, ಎಲ್ಲಿ ಒತ್ತು ಚೆನ್ನಾಗಿ ಕೂರುತ್ತದೆ, ಎಲ್ಲಿ ಇಕ್ಕಟ್ಟಾಗುತ್ತದೆ ಎಂದು ನೋಡುವ ಅಭ್ಯಾಸ ಕೊಟ್ಟರೆ ಒಳ್ಳೆಯದು. ಶಾಲೆಗಳ ಐಟಿ ಕ್ಲಬ್ಬುಗಳಾದ ಲಿಟ್ಲ್ ಕೈಟ್ಸ್ ಘಟಕಗಳ ಮಕ್ಕಳಿಗೆ ಇದು ಕಷ್ಟದ ಕೆಲಸವಾಗಲಾರದು. ಕೈಬರಹ ಸ್ಪರ್ಧೆಗಳನ್ನು ನಡೆಸುವ ನಮ್ಮ ಸಂಘಗಳು ಬೋರ್ಡು ಬರೆದು ಪಳಗಿದ ಹಿರಿಯರನ್ನು ಒಮ್ಮೆ ಅಂಥ ತರಗತಿಗಳಿಗೆ ಕರೆತರಬೇಕು. ಅವರ ಕೈಯಲ್ಲಿರುವ ವಿದ್ಯೆ ಯಾವ ತಂತ್ರಾಂಶದಲ್ಲಿಯೂ ಇಲ್ಲ.

ತರಗತಿಯ ಕೊನೆಯ ಕೆಲಸಕ್ಕಾಗಿ ನಾನು ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ, ಉಪ್ಪಳ, ಮಂಜೇಶ್ವರ ಹೀಗೆ ಒತ್ತಕ್ಷರವಿರುವ ನಮ್ಮ ಊರುಗಳ ಹೆಸರುಗಳನ್ನು ಮಾವನ ಬರಹದ ಮಾದರಿಯಲ್ಲಿ ಬಿಡಿಸುತ್ತಿದ್ದೇನೆ. ಸಿದ್ಧವಾದ ಮೇಲೆ ಆ ಕಡತಗಳನ್ನು ನಿಮ್ಮ ಕಚೇರಿಗೆ ತಲುಪಿಸುತ್ತೇನೆ. ಫಲಕ ಬರೆಸುವ ಯಾರು ಬೇಕಾದರೂ ಹಣ ಕೊಡದೆ ಅವನ್ನು ಬಳಸಿಕೊಳ್ಳಬಹುದು.

– ಒಬ್ಬ ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು ಜಿಲ್ಲೆ